ಮಂತ್ರಿಗಳು ಆಡಿದ ಮಾತು

ಕಾರ್ಕಳದ ಬೆಟ್ಟ ಹತ್ತಿದವರು ಮೊದಲು ಮಾಡುವ ಕೆಲಸ ತಲೆ ಎತ್ತಿ ನೋಡುವುದು. ಸುಮಾರು 42 ಅಡಿ ಎತ್ತರದ ಏಕಶಿಲೆಯ ಬಾಹುಬಲಿ. 1432ರಲ್ಲಿ ಭೈರರಸ ವಂಶದ ವೀರಪಾಂಡ್ಯ ನಿಲ್ಲಿಸಿದ್ದು. ಶಾಲೆಯ ಪ್ರವಾಸದಲ್ಲಿ ನಾವು ಮೊದಲ ಸಲ ಅಲ್ಲಿಗೆ ಹೋದಾಗ ಕನ್ನಡ ಮಾಸ್ಟ್ರು ನಮ್ಮನ್ನೆಲ್ಲ ನೆರಳಲ್ಲಿ ಸಾಲಾಗಿ ಕೂರಿಸಿ ಕಥೆ ಹೇಳಿದ್ದರು. ಅಣ್ಣ ಭರತ ಭೂಮಿಯನ್ನೆಲ್ಲ ಗೆದ್ದ, ತಮ್ಮ ಬಾಹುಬಲಿ ತಲೆಬಾಗಲಿಲ್ಲ, ಇಬ್ಬರೂ ಕಾದಾಡಿದರು, ತಮ್ಮ ಗೆದ್ದ, ಗೆದ್ದದ್ದನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತ. ಕಥೆಯ ನಡುವಿನ ಒಂದು ಘಟನೆಯನ್ನು ಅವರು ಒಂದೇ ಮಾತಿನಲ್ಲಿ ದಾಟಿಸಿಬಿಟ್ಟರು: ಮಂತ್ರಿಗಳು ಬೇಡ ಅಂದದ್ದರಿಂದ ಸೈನ್ಯಗಳು ಯುದ್ಧ ಮಾಡಲಿಲ್ಲ.

ಮಾಸ್ಟ್ರ ತಪ್ಪೇನೂ ಇಲ್ಲ. ಕನ್ನಡದಲ್ಲಿ ಈ ಕಥೆ ಹೇಳುವವರೆಲ್ಲ ಆ ಮಾತನ್ನು ಹಾಗೆಯೇ ದಾಟುತ್ತಾರೆ. ಆದರೆ ಯುದ್ಧ, ರಾಜ್ಯ, ನೀತಿ ಎಂಬ ವಿಷಯ ಚರ್ಚೆಗೆ ಬಂದಾಗಲೆಲ್ಲ ನಮಗೆ ನೆನಪಾಗುವುದು ಬಾಹುಬಲಿಯ ವೈರಾಗ್ಯಕ್ಕಿಂತ ಹೆಚ್ಚಾಗಿ ಮಂತ್ರಿಗಳ ಆ ಮಾತೇ.

ಪಂಪ 'ಆದಿಪುರಾಣ' ಬರೆದದ್ದು 941ರಲ್ಲಿ. ಅವನಿಗೂ ಮುಂಚೆ ಜಿನಸೇನರು ಸಂಸ್ಕೃತದಲ್ಲಿ ಈ ಕಥೆ ಹೇಳಿದ್ದರು. ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ. ತಮ್ಮಂದಿರು ಇನ್ನೂ ಅಧೀನರಾಗಿಲ್ಲ ಎಂಬುದೇ ಅದಕ್ಕೆ ಕಾರಣ. ಉಳಿದ ತಮ್ಮಂದಿರು ರಾಜ್ಯ ತೊರೆದು ದೀಕ್ಷೆ ತೆಗೆದುಕೊಳ್ಳುತ್ತಾರೆ. ಪೌದನಪುರದ ಬಾಹುಬಲಿ ಮಾತ್ರ ಒಪ್ಪುವುದಿಲ್ಲ. ತಂದೆ ಕೊಟ್ಟ ನೆಲ ಆಳಲು ಅಣ್ಣನ ಅಪ್ಪಣೆ ಯಾಕೆ ಎಂಬುದು ಅವನ ವಾದ. ಸೈನ್ಯಗಳು ಎದುರುಬದುರು ನಿಲ್ಲುತ್ತವೆ. ಆಗ ಎರಡೂ ಕಡೆಯ ಮಂತ್ರಿಗಳು ಸೇರಿ ಯೋಚಿಸುತ್ತಾರೆ. ಈ ಅಣ್ಣತಮ್ಮಂದಿರಿಬ್ಬರೂ ಚರಮದೇಹಿಗಳು. ಅಂದರೆ ಇದು ಅವರ ಕೊನೆಯ ಜನ್ಮ, ಇದೇ ದೇಹದಲ್ಲಿ ಮೋಕ್ಷ ಪಡೆಯುವವರು. ಯುದ್ಧದಲ್ಲಿ ಅವರಿಗೇನೂ ಆಗುವುದಿಲ್ಲ. ಸಾಯುವವರು ಎರಡೂ ಕಡೆಯ ಸೈನಿಕರು ಮಾತ್ರ. ಹಾಗಿದ್ದ ಮೇಲೆ ಸೈನ್ಯವನ್ನು ಯಾಕೆ ಕೊಲ್ಲಿಸಬೇಕು? ನೀವಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿ ತೀರ್ಮಾನಿಸಿಕೊಳ್ಳಿ ಎಂದು ಅವರು ಸೂಚಿಸುತ್ತಾರೆ.

ಯುದ್ಧವನ್ನು ನಿರ್ಧರಿಸುವವರು ಯುದ್ಧದಲ್ಲಿ ಸಾಯುವುದಿಲ್ಲ ಎಂಬ ಸತ್ಯವನ್ನು ಪುರಾಣದ ಭಾಷೆಯಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವೇ? 1795ರಲ್ಲಿ ಜರ್ಮನಿಯ ಕಾಂಟ್ ಶಾಶ್ವತ ಶಾಂತಿಯ ಬಗ್ಗೆ ಬರೆದ ಕಿರುಪುಸ್ತಕದಲ್ಲಿ ಇದೇ ಮಾತು ಬರುತ್ತದೆ. ಯುದ್ಧದ ಕಷ್ಟ ಹೊರಬೇಕಾದ ಪ್ರಜೆಗಳನ್ನು ಕೇಳಿದರೆ ಅವರು ಸುಲಭವಾಗಿ ಹೂಂಗುಟ್ಟುವುದಿಲ್ಲ. ಆದರೆ ಅರಸನಿಗೆ ಔತಣವಾಗಲಿ ಬೇಟೆಯಾಗಲಿ ಅರಮನೆಯಾಗಲಿ ಯಾವುದೂ ಕಡಿಮೆಯಾಗುವುದಿಲ್ಲವಾದ್ದರಿಂದ ಅವನು ಆಟಕ್ಕೆ ಹೊರಟಂತೆ ಯುದ್ಧಕ್ಕೆ ಹೊರಡುತ್ತಾನೆ ಎಂದು ಕಾಂಟ್ ವಾದಿಸುತ್ತಾನೆ. ಅವನಿಗಿಂತ ಎಂಟೂವರೆ ಶತಮಾನ ಮುಂಚೆ ಕನ್ನಡದ ಕಾವ್ಯದಲ್ಲಿ ಮಂತ್ರಿಗಳು ಅದನ್ನು ಅರಸರ ಮುಖಕ್ಕೇ ಹೇಳಿದ್ದರು.

ಮಂತ್ರಿಗಳು ಏನನ್ನು ಹೇಳಲಿಲ್ಲ ಎಂಬುದನ್ನೂ ಗಮನಿಸಬೇಕು. ಭರತನ ದಿಗ್ವಿಜಯ ನ್ಯಾಯವೋ ಅನ್ಯಾಯವೋ ಎಂಬ ಪ್ರಶ್ನೆಯನ್ನು ಅವರು ಎತ್ತುವುದಿಲ್ಲ. ಬಾಹುಬಲಿಯ ಸ್ವಾತಂತ್ರ್ಯ ಸರಿಯೋ ಹಠವೋ ಎಂದು ತೀರ್ಪು ಕೊಡುವುದಿಲ್ಲ. ಎರಡೂ ಹಕ್ಕುಗಳನ್ನು ಇದ್ದಲ್ಲೇ ಬಿಟ್ಟು, ಈ ಜಗಳದ ಬೆಲೆಯನ್ನು ಯಾರು ತೆರಬೇಕು ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತಾರೆ. ಆಮೇಲೆ ಒಪ್ಪಂದ ಮುರಿಯುತ್ತದೆ. ಮೂರರಲ್ಲೂ ಸೋತ ಭರತ ಸಿಟ್ಟಿನಲ್ಲಿ ಚಕ್ರವನ್ನೇ ಪ್ರಯೋಗಿಸುತ್ತಾನೆ. ಅದು ಬಾಹುಬಲಿಗೆ ಸುತ್ತು ಬಂದು ನಿಲ್ಲುತ್ತದೆ, ಕೊಲ್ಲುವುದಿಲ್ಲ. ಅರಸನೇ ನಿಯಮ ಮೀರಿದ. ಆದರೂ ಸಂಜೆ ಎರಡೂ ಪಾಳೆಯಗಳಲ್ಲಿ ಒಲೆ ಉರಿದಿರಬೇಕು, ಸೈನಿಕರು ಉಂಡಿರಬೇಕು. ಪಂಪ ಇದನ್ನು ಹೇಳುವುದಿಲ್ಲ, ನಾವು ಊಹಿಸಿಕೊಳ್ಳುತ್ತೇವೆ.

ನಮ್ಮ ವಿಮರ್ಶೆಗೆ ಈ ಭಾಗದಲ್ಲಿ ಇಷ್ಟವಾಗುವುದು ಎರಡು ಸಂಗತಿಗಳು. ಒಂದು ಬಾಹುಬಲಿಯ ಅಭಿಮಾನ, ಇನ್ನೊಂದು ಅವನ ತ್ಯಾಗ. ಎರಡೂ ದೊಡ್ಡವೇ. ಆದರೆ ಎರಡೂ ಒಬ್ಬನ ಆತ್ಮಕ್ಕೆ ಸಂಬಂಧಿಸಿದ ಗುಣಗಳು. ತ್ಯಾಗಿ ತನ್ನ ಕೈಯನ್ನು ತೊಳೆದುಕೊಂಡು ಹೋಗಬಲ್ಲ. ಉಳಿದವರು ಅಲ್ಲೇ ಇರಬೇಕಲ್ಲ, ಅವರ ಬಗ್ಗೆ ಯೋಚಿಸಿದವರು ಮಂತ್ರಿಗಳು. ತ್ಯಾಗಕ್ಕೆ 42 ಅಡಿಯ ಕಲ್ಲು ಸಿಕ್ಕಿತು, ವಿವೇಕಕ್ಕೆ ಒಂದು ಸಾಲೂ ಸಿಗಲಿಲ್ಲ ಎಂದರೆ ಅದು ಕೊಂಚ ಉತ್ಪ್ರೇಕ್ಷೆಯಾದೀತು, ಆದರೆ ಸುಳ್ಳಾಗದು. ಕಥೆ ಕೂಡ ಇದನ್ನು ಅರಿತಂತಿದೆ. ತಪಸ್ಸಿಗೆ ನಿಂತ ಬಾಹುಬಲಿಗೆ ಬಹುಕಾಲ ಜ್ಞಾನ ಸಿದ್ಧಿಸುವುದಿಲ್ಲ. ತಾನು ನಿಂತಿರುವುದು ಭರತನ ನೆಲದ ಮೇಲೆಯೇ ಎಂಬ ಮುಳ್ಳು ಒಳಗೆ ಉಳಿದಿತ್ತು ಎಂದು ಜನ ಹೇಳುವ ಕಥೆಯಲ್ಲಿ ಬರುತ್ತದೆ. ಎಲ್ಲವನ್ನೂ ಬಿಟ್ಟವನಿಗೂ ಕಾಲೂರಲು ಯಾವುದಾದರೂ ರಾಜ್ಯದ ನೆಲವೇ ಬೇಕು.

ಕಾರ್ಕಳದಿಂದ ಮಣಿಪಾಲ ದೂರವೇನಲ್ಲ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೂರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳನ್ನು ಕಲಿಸುವ ವಿಭಾಗವಿದೆ. ತತ್ವಶಾಸ್ತ್ರ ಮತ್ತು ಮಾನವಿಕ ಶಾಸ್ತ್ರಗಳ ಕೇಂದ್ರವನ್ನು ಸುಂದರ್ ಸರುಕ್ಕೈ ಅಲ್ಲಿ ಕಟ್ಟಿದರು. ಪರಿಚಯದ ವಿದ್ಯಾರ್ಥಿಗಳ ಮೂಲಕ ಈ ಶಾಸ್ತ್ರದ ಕೆಲವು ಪುಸ್ತಕಗಳು ನಮ್ಮ ಕೈಗೆ ಬಂದವು. ಇಂಗ್ಲಿಷಿನಲ್ಲಿ ನಮಗೆ ಓಟವಿಲ್ಲ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆವು. ಆ ಶಾಸ್ತ್ರದ ಒಳಗೆ ಒಂದು ಹಳೆಯ ಜಗಳವಿದೆ. ದೇಶ ದೇಶಗಳ ನಡುವಿನ ವ್ಯವಹಾರಕ್ಕೆ ನೀತಿಯ ಗೊಡವೆ ಬೇಡ, ಬಲವೇ ಅಲ್ಲಿನ ಭಾಷೆ ಎನ್ನುವವರು ಒಂದು ಕಡೆ. ನೀತಿಯ ನಿಯಮಗಳನ್ನು ಮೊದಲು ಸರಿಯಾಗಿ ರಚಿಸೋಣ, ಆಮೇಲೆ ಪ್ರತಿಯೊಂದು ಸಂದರ್ಭಕ್ಕೂ ಅನ್ವಯಿಸೋಣ ಎನ್ನುವವರು ಇನ್ನೊಂದು ಕಡೆ. ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ. ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸಿನ ಕ್ರಿಸ್ ಬ್ರೌನ್ 2010ರಲ್ಲಿ ಪ್ರಕಟಿಸಿದ ಪ್ರಬಂಧಗಳ ಸಂಕಲನದ ಹೆಸರಿನಲ್ಲೇ ಅದು ಇದೆ: ವ್ಯಾವಹಾರಿಕ ವಿವೇಚನೆ. ನ್ಯಾಯಯುದ್ಧದ ಷರತ್ತುಗಳನ್ನು ಪರೀಕ್ಷೆಯ ಪ್ರಶ್ನೆಗಳಿಗೆ ಟಿಕ್ ಹಾಕಿದಂತೆ ಬಳಸಲಾಗದು, ಸಂದರ್ಭವನ್ನು ಕಣ್ಣಿಟ್ಟು ಓದುವ ಶಕ್ತಿ ಬೇಕು ಎಂಬುದು ಆ ದಾರಿಯವರ ವಾದ. ಇದರ ಬೇರು ಅರಿಸ್ಟಾಟಲ್‌ನಲ್ಲಿದೆ.

ಕನ್ನಡದ ಓದುಗನಿಗೆ ಇದು ಹೊಸದೆನಿಸಬೇಕಾಗಿಲ್ಲ. ನಮ್ಮ ಕಾವ್ಯಮೀಮಾಂಸೆಯಲ್ಲಿ ಔಚಿತ್ಯ ಎಂಬ ಮಾತಿದೆ. ಯಾವ ಪದ ಎಲ್ಲಿ ಸಲ್ಲುತ್ತದೆ ಎಂದು ಹೇಳುವ ನಿಯಮಗಳನ್ನು ಎಷ್ಟು ಬೇಕಾದರೂ ಬರೆಯಬಹುದು. ಆದರೆ ಈ ಸಾಲಿನಲ್ಲಿ ಈ ಪದ ಸಲ್ಲುತ್ತದೆಯೇ ಎಂಬುದನ್ನು ಪ್ರತಿ ಸಲವೂ ಹೊಸದಾಗಿ ನೋಡಬೇಕು. ವಿಮರ್ಶಕನೂ ಮಂತ್ರಿಯೂ ಮಾಡುವ ಕೆಲಸ ಒಂದೇ ಜಾತಿಯದು ಎಂದು ನಮಗೆ ಎಷ್ಟೋ ಸಲ ಅನಿಸಿದೆ. ವ್ಯತ್ಯಾಸವೆಂದರೆ ವಿಮರ್ಶಕ ತಪ್ಪಿದರೆ ಯಾರೂ ಸಾಯುವುದಿಲ್ಲ.

ತೊಂದರೆ ಇರುವುದು ಈ ವಿವೇಚನೆಗೆ ನಾವು ದಿನನಿತ್ಯ ಇಟ್ಟಿರುವ ಹೆಸರುಗಳಲ್ಲಿ. ಕನ್ನಡದಲ್ಲಿ 'ರಾಜಿ' ಎನ್ನುತ್ತೇವೆ. 'ಅವರು ರಾಜಿ ಮಾಡಿಕೊಂಡರು' ಎಂದರೆ ನಮ್ಮ ಸಾಹಿತ್ಯ ವಲಯದಲ್ಲಿ ಅದು ಬೈಗುಳ. ಪದ ಬಂದದ್ದು ಅರಬ್ಬಿಯಿಂದ, ಫಾರಸಿ ಉರ್ದುಗಳ ದಾರಿಯಾಗಿ. ನಮ್ಮ ಮನೆಯ ಉರ್ದುವಿನಲ್ಲಿ ರಾಝಿ ಎಂದರೆ ಒಪ್ಪಿದವನು, ಸಂತುಷ್ಟ. ದೇವರು ಅವರ ವಿಷಯದಲ್ಲಿ ರಾಝಿಯಾಗಲಿ ಎಂದು ಸಹಾಬಿಗಳ ಹೆಸರಿನ ಜೊತೆ ನಾವು ಹೇಳುವುದೂ ಇದೇ ಮೂಲದ ಮಾತು. ಕಚೇರಿಯ ಕಾಗದಪತ್ರಗಳ ದಾರಿಯಲ್ಲಿ ಅದು ಕನ್ನಡಕ್ಕೆ ಬರುವಷ್ಟರಲ್ಲಿ ಸಂತೋಷ ಉದುರಿ ಅವಮಾನ ಅಂಟಿಕೊಂಡಿತು. ಉರ್ದುವಿನಲ್ಲಿಯೂ ಇಂಥದೇ ಇನ್ನೊಂದು ಪದ ಕೆಟ್ಟಿತು. ಮಸ್ಲಹತ್ ಎಂದರೆ ಫಿಕ್ಹ್ ಶಾಸ್ತ್ರದಲ್ಲಿ ಜನಹಿತ, ಬಹು ಗೌರವದ ಮಾತು. ಅದೇ ಉರ್ದುವಿನ ಕವಿಗೆ, ಪತ್ರಕರ್ತನಿಗೆ ಮಸ್ಲಹತ್ ನೋಡುವವನು ಎಂದರೆ ಸತ್ಯ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನು, ಹೇಡಿ. ಎರಡು ಭಾಷೆಗಳ ಶಾಲೆಯಲ್ಲಿ ಕಲಿತ ನಮಗೆ ಎರಡರಲ್ಲೂ ವಿವೇಕಕ್ಕೆ ಮರ್ಯಾದೆಯ ಪದ ಸಿಗದೆ ಹೋಯಿತಲ್ಲ ಎಂಬ ಕೊರಗಿದೆ. ಹಾಗೆಂದು ಆ ಬೈಗುಳಗಳು ಪೂರ್ತಿ ಅನ್ಯಾಯವೂ ಅಲ್ಲ. ಹೇಡಿಗಳು ಈ ಪದಗಳ ಹಿಂದೆ ಅಡಗಿಕೊಂಡದ್ದರಿಂದಲೇ ಅವು ಕೆಟ್ಟವು.

ಹಿಜರಿ 6ರಲ್ಲಿ, ಅಂದರೆ ಕ್ರಿ.ಶ. 628ರಲ್ಲಿ ನಡೆದ ಹುದೈಬಿಯಾ ಒಪ್ಪಂದವನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ಕಷ್ಟ. ಮುಸ್ಲಿಮೇತರ ಓದುಗರಿಗಾಗಿ ಎರಡು ಮಾತು. ಉಮ್ರಾ ಯಾತ್ರೆಗೆ ಹೊರಟ ಪ್ರವಾದಿ(ಸ) ಮತ್ತು ಅನುಯಾಯಿಗಳನ್ನು ಮಕ್ಕಾದ ಕುರೈಷರು ದಾರಿಯಲ್ಲೇ ತಡೆದರು. ಕೊನೆಗೆ ಹತ್ತು ವರ್ಷಗಳ ಕದನವಿರಾಮಕ್ಕೆ ಒಪ್ಪಂದವಾಯಿತು. ಪತ್ರದಲ್ಲಿ 'ಅಲ್ಲಾಹನ ಸಂದೇಶವಾಹಕ' ಎಂದು ಬರೆದದ್ದಕ್ಕೆ ಕುರೈಷರ ಪ್ರತಿನಿಧಿ ಸುಹೈಲ್ ಆಕ್ಷೇಪಿಸಿದ. ಅಳಿಸಲು ಹಝ್ರತ್ ಅಲಿಯವರ ಕೈ ಬರಲಿಲ್ಲ. ಪ್ರವಾದಿಯವರೇ ಅದನ್ನು ಅಳಿಸಿದರು, ತಂದೆಯ ಹೆಸರಿನೊಂದಿಗೆ ತಮ್ಮ ಹೆಸರು ಬರೆಸಿದರು. ಆ ವರ್ಷ ಯಾತ್ರೆ ಇಲ್ಲದೆ ಮರಳಬೇಕೆಂಬ ಷರತ್ತನ್ನೂ ಒಪ್ಪಿದರು. ಹಝ್ರತ್ ಉಮರ್ ಅವರಂಥವರಿಗೇ ಇದು ಸಹಿಸಲಾಗಲಿಲ್ಲ. ಬಲಿ ಕೊಟ್ಟು ತಲೆ ಬೋಳಿಸಿಕೊಳ್ಳಿ ಎಂದರೆ ಅನುಯಾಯಿಗಳು ದುಃಖದಲ್ಲಿ ಕೂತಲ್ಲಿಂದ ಏಳಲಿಲ್ಲ. ಆಗ ಪತ್ನಿ ಉಮ್ಮು ಸಲಮಾ, ನೀವು ಯಾರಿಗೂ ಏನೂ ಹೇಳಬೇಡಿ, ಹೊರಗೆ ಹೋಗಿ ನಿಮ್ಮ ಬಲಿ ಕೊಟ್ಟು ತಲೆ ಬೋಳಿಸಿಕೊಳ್ಳಿ ಎಂದು ಸಲಹೆ ಕೊಟ್ಟರು. ಹಾಗೆ ಮಾಡಿದ ಮೇಲೆ ಎಲ್ಲರೂ ಎದ್ದರು.

ಮಿಂಬರಿನ ಮೇಲಿಂದ ಈ ಕಥೆ ಕೇಳುವಾಗ ಅದು ಜಯದ ಕಥೆಯಾಗಿ ಮುಗಿಯುತ್ತದೆ. ಕಥೆಗಾರರಾದ ನಮಗೆ ಕಣ್ಣ ಮುಂದೆ ಉಳಿಯುವವನು ಅಬೂ ಜಂದಲ್. ಸುಹೈಲನ ಮಗನೇ ಆದ ಅವನು ಇಸ್ಲಾಮ್ ಸ್ವೀಕರಿಸಿ, ಸಂಕೋಲೆಯ ಕಾಲುಗಳನ್ನು ಎಳೆದುಕೊಂಡು, ಒಪ್ಪಂದದ ಹೊತ್ತಿಗೇ ಅಲ್ಲಿಗೆ ಬಂದು ಬಿದ್ದ. ಮಕ್ಕಾದಿಂದ ಓಡಿ ಬಂದವರನ್ನು ಮರಳಿಸಬೇಕೆಂದು ಷರತ್ತಿತ್ತು. ಅವನನ್ನು ಮರಳಿಸಲಾಯಿತು. ಒಪ್ಪಂದ ಎಷ್ಟೇ ದೊಡ್ಡದಿರಲಿ, ಅದರಡಿಯಲ್ಲಿ ಒಬ್ಬ ಅಬೂ ಜಂದಲ್ ಇರುತ್ತಾನೆ. ಅವನನ್ನು ಮುಚ್ಚಿಡದೆ ಹೇಳಿದ್ದಾರಲ್ಲ, ಆ ಚರಿತ್ರಕಾರರ ಪ್ರಾಮಾಣಿಕತೆ ದೊಡ್ಡದು. ಅಮೆರಿಕದ ಮೈಕೆಲ್ ವಾಲ್ಜರ್ 1973ರ ತಮ್ಮ ಒಂದು ಲೇಖನದಲ್ಲಿ ಇದಕ್ಕೆ 'ಕೊಳೆಯಾದ ಕೈ' ಎಂಬ ಹೆಸರು ಕೊಟ್ಟು ಚರ್ಚಿಸುತ್ತಾರೆ. ಮಾಡಲೇಬೇಕಾದದ್ದನ್ನು ಮಾಡಿದ ಮೇಲೂ ಕೈಗೆ ಕೊಳೆ ಅಂಟಿದೆ ಎಂದು ತಿಳಿದಿರುವ ರಾಜಕಾರಣಿಯೇ ನೀತಿವಂತ, ಕೊಳೆ ಕಾಣದವನು ಅಲ್ಲ ಎಂಬುದು ಅವರ ನಿಲುವು.

ಈ ಚರ್ಚೆ ಪುಸ್ತಕ ಓದಿದವರ ಆಸ್ತಿ ಎಂದು ಯಾರೂ ತಿಳಿಯಬಾರದು. ಉಡುಪಿಯ ಸುತ್ತಮುತ್ತ ಮಳೆಗಾಲದ ತಾಳಮದ್ದಳೆಗಳಲ್ಲಿ 'ಕೃಷ್ಣ ಸಂಧಾನ' ನಡೆಯುವಾಗ ಹೋಗಿ ಕೂತರೆ ಸಾಕು. ಐದು ಊರಾದರೂ ಕೊಡು ಎಂದು ಕೇಳುವ ಕೃಷ್ಣ, ಸೂಜಿಮೊನೆಯಷ್ಟೂ ಕೊಡೆನೆನ್ನುವ ಕೌರವ. ಕೌರವನ ಅರ್ಥ ಹೇಳುವವರು ಗಟ್ಟಿಗರಾದರೆ, ಅರ್ಧ ರಾಜ್ಯದ ಹಕ್ಕುದಾರ ಐದು ಊರಿಗೆ ಇಳಿದನೆಂದರೆ ಅವನ ಹಕ್ಕೇ ಸುಳ್ಳಲ್ಲವೇ ಎಂದು ಸಭೆಯನ್ನು ತಬ್ಬಿಬ್ಬುಗೊಳಿಸುತ್ತಾರೆ. ಕೃಷ್ಣನ ಪಾತ್ರಧಾರಿ ಅಲ್ಲೇ, ಆಗಲೇ ಉತ್ತರ ಹುಡುಕಬೇಕು. ಜಬ್ಬಾರ್ ಸಮೋ ಅವರಂಥ ಅರ್ಥಧಾರಿಗಳು ಇರುವ ರಂಗ ಅದು. ಅಲ್ಲಿ ಮಾತಿನ ಹದವನ್ನು ನೋಡುತ್ತಾರೆ, ಹೆಸರನ್ನಲ್ಲ.

ಈಗ ಕಾಪುವಿಗೆ ಬರೋಣ. ಸಾಹಿತ್ಯದ ಮಾತನ್ನು ಇಷ್ಟು ಹೊತ್ತು ಎಳೆದದ್ದು ಇದಕ್ಕಾಗಿಯೇ.

ಕಾಪು ಎಂದರೆ ಹೊರಗಿನವರಿಗೆ 1901ರ ದೀಪಸ್ತಂಭ. ನಮಗೆ ಅದು ಖಾಲಾನ ಊರು. ಖಾಲಾನ ಹಿರಿಯ ಮಗ ಕುವೈಟಿನ ಹವಳ್ಳಿಯಲ್ಲಿ ಟೈಲರ್ ಅಂಗಡಿಯೊಂದರಲ್ಲಿದ್ದ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈಟಿಗೆ ನುಗ್ಗಿದಾಗ ನಮಗೆ ಹತ್ತು ವರ್ಷ. ಫೋನು ಇಲ್ಲ, ಪತ್ರ ಇಲ್ಲ. ರಾತ್ರಿಯಾದರೆ ಖಾಲಾನ ಮನೆಯ ಚಾವಡಿಯಲ್ಲಿ ಎಲ್ಲರೂ ಬಿಬಿಸಿ ಉರ್ದುವಿನ 'ಸೈರ್‌ಬೀನ್' ಕೇಳಲು ಕೂರುತ್ತಿದ್ದರು. ಗಾಳಿಯಲ್ಲಿ ಸ್ವರ ಹೋಗಿ ಬಂದು ಮಾಡುವಾಗ ರೇಡಿಯೋವನ್ನು ಅತ್ತಿತ್ತ ತಿರುಗಿಸುವ ಕೆಲಸ ನಮ್ಮದು.

ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂದೇ ದಾಳಿಯನ್ನು ಖಂಡಿಸಿತು, ಆಗಸ್ಟ್ 6ರಂದು ಇರಾಕಿನ ಮೇಲೆ ದಿಗ್ಬಂಧನ ಹೇರಿತು. ಭಾರತ ಸರಕಾರ ಮಾತ್ರ ನೇರವಾಗಿ ಖಂಡಿಸುವ ಮಾತನ್ನು ನುಂಗಿಕೊಂಡಿತು. ವಿದೇಶಾಂಗ ಸಚಿವ ಇಂದರ್ ಕುಮಾರ್ ಗುಜ್ರಾಲ್ ಅದೇ ತಿಂಗಳಲ್ಲಿ ಬಾಗ್ದಾದಿಗೆ ಹೋದರು. ಸದ್ದಾಮ್ ಹುಸೇನ್ ಅವರನ್ನು ಅಪ್ಪಿಕೊಂಡ ಚಿತ್ರ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. ಪಕ್ಕದ ಪುಟ್ಟ ದೇಶವೊಂದನ್ನು ನುಂಗಿದವನನ್ನು ಗಾಂಧಿಯ ದೇಶದ ಮಂತ್ರಿ ಅಪ್ಪಿಕೊಳ್ಳುವುದೇ ಎಂದು ದೇಶದ ಒಳಗೂ ಹೊರಗೂ ಛೀಮಾರಿ ಬಿತ್ತು. ಇನ್ನೊಂದು ಕಡೆ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ಹಾರತೊಡಗಿದವು. ಎರಡು ತಿಂಗಳಲ್ಲಿ ಸುಮಾರು 490 ಹಾರಾಟ, 1 ಲಕ್ಷ 10 ಸಾವಿರಕ್ಕೂ ಹೆಚ್ಚು ಜನ. ಅಲ್ಲೇ ಸಿಕ್ಕಿಕೊಂಡಿದ್ದವರಿಗೆ ಆಹಾರ ಕಳಿಸಲು ದಿಗ್ಬಂಧನದ ಸಮಿತಿಯ ಅನುಮತಿ ಬೇಕಿತ್ತು. ಅದನ್ನು ಪಡೆದು 'ವಿಶ್ವ ಸಿದ್ಧಿ' ಎಂಬ ಹಡಗನ್ನು ಕಳಿಸಲಾಯಿತು.

ಖಾಲಾನ ಮಗ ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ, ಜೋರ್ಡಾನಿನ ಗಡಿಯ ಗುಡಾರಗಳಲ್ಲಿ ಹದಿಮೂರು ದಿನ ಕಳೆದು, ಅಮ್ಮಾನಿನಿಂದ ಬೊಂಬಾಯಿಗೆ ಬಂದ. ಕೊಂಕಣ ರೈಲು ಇನ್ನೂ ಇಲ್ಲದ ಕಾಲ. ಬೊಂಬಾಯಿಯಿಂದ ಬಸ್ಸಿನಲ್ಲಿ ಬಂದು ಕಾಪುವಿನ ಹೆದ್ದಾರಿಯ ಬದಿಯಲ್ಲಿ ಇಳಿದಾಗ ಅವನ ಕೈಯಲ್ಲಿದ್ದದ್ದು ಒಂದು ಕತ್ತರಿ, ಅಳತೆಯ ಟೇಪು, ಒಂದು ಜೊತೆ ಬಟ್ಟೆ.

ಆ ಅಪ್ಪುಗೆಯ ಚಿತ್ರದ ಬಗ್ಗೆ ಚಾವಡಿಯಲ್ಲಿ ಜೋರು ವಾದ ನಡೆಯುತ್ತಿತ್ತು. ಸದ್ದಾಮನನ್ನು ವೀರನೆಂದು ಹೊಗಳುವವರು ನಮ್ಮವರಲ್ಲಿ ಬೇಕಾದಷ್ಟು ಜನ ಇದ್ದರು. ಅವನು ನುಂಗಿದ್ದು ಇನ್ನೊಂದು ಮುಸ್ಲಿಂ ದೇಶವನ್ನು, ಅದಕ್ಕೆ ಮುಂಚೆ ಎಂಟು ವರ್ಷ ಕಾದಾಡಿದ್ದೂ ಮುಸ್ಲಿಂ ದೇಶದ ಮೇಲೆಯೇ ಎಂಬುದು ಅವರಿಗೆ ಮರೆತುಹೋಗಿತ್ತು. ನಿವೃತ್ತ ಶಿಕ್ಷಕರೊಬ್ಬರು ಮಾತ್ರ, ದಾಳಿಕೋರನ ಎದೆಗೆ ಎದೆ ಒತ್ತುವುದು ನಾಚಿಕೆಗೇಡು ಎಂದರು. ಖಾಲಾ ಒಳಗಿನಿಂದಲೇ ಕೂಗಿ ಹೇಳಿದ್ದು ನಮಗೆ ನೆನಪಿದೆ: "ಅಪ್ಪಿಕೊಳ್ಳಲಿ ಮಾಸ್ಟ್ರೇ, ಬೇಕಾದರೆ ಕಾಲೂ ಹಿಡಿಯಲಿ. ನನ್ನ ಹುಡುಗ ಬರಲಿ."

ಗುಜ್ರಾಲ್ 2011ರಲ್ಲಿ ಪ್ರಕಟಿಸಿದ ಆತ್ಮಕಥೆಯ ಹೆಸರು 'ಮ್ಯಾಟರ್ಸ್ ಆಫ್ ಡಿಸ್ಕ್ರೀಷನ್'. ವಿವೇಚನೆಗೆ ಬಿಟ್ಟ ಸಂಗತಿಗಳು ಎಂದು ಕನ್ನಡಿಸಬಹುದೇನೋ. ಉರ್ದುವನ್ನು ಬಲ್ಲ, ಪ್ರೀತಿಸಿದ ಮನುಷ್ಯ. ಮಸ್ಲಹತ್ ಎಂಬ ಪದದ ಎರಡೂ ಮುಖ ಅವರಿಗೆ ಗೊತ್ತಿದ್ದಿರಲೇಬೇಕು. ನಮ್ಮ ತೀರ್ಪು ಕೇಳಿದರೆ, ಅವರು ಮಾಡಿದ್ದು ಸರಿ ಎಂದೇ ಹೇಳುತ್ತೇವೆ. ಆದರೆ ಈ ಮಾತನ್ನು ಹೇಳಲು ನಮಗೆ ಸಿಗುವ ಸುಖದ ಬಗ್ಗೆ ನಮಗೇ ಅನುಮಾನವಿದೆ. ಮರಳಿ ಬಂದವನು ನಮ್ಮವನು. ಗೋಪಾಲ್ ಗುರು ಮತ್ತು ಸರುಕ್ಕೈ 2012ರ 'ದ ಕ್ರ್ಯಾಕ್ಡ್ ಮಿರರ್' ಪುಸ್ತಕದಲ್ಲಿ, ಅನುಭವ ಯಾರದೋ ಸಿದ್ಧಾಂತ ಇನ್ಯಾರದೋ ಆದಾಗ ಏನಾಗುತ್ತದೆ ಎಂದು ಜಾತಿಯ ಸಂದರ್ಭದಲ್ಲಿ ವಾದ ಮಾಡಿದ್ದಾರೆ. ಅಂತರರಾಷ್ಟ್ರೀಯ ನೀತಿಗೂ ಆ ಪ್ರಶ್ನೆ ಸಲ್ಲುತ್ತದೆ. ಖಾಲಾನನ್ನು ಕೇಳದೆ ಆ ಅಪ್ಪುಗೆಯನ್ನು ಖಂಡಿಸುವುದು ಸರಿಯಲ್ಲ. ಖಾಲಾನನ್ನು ಮಾತ್ರ ಕೇಳಿ ಅದನ್ನು ಒಪ್ಪುವುದೂ ಸಾಲದು. ಕುವೈಟಿನಲ್ಲಿಯೂ ತಾಯಂದಿರಿದ್ದರು. ಇರಾಕಿ ಸೈನ್ಯ ಹಿಡಿದೊಯ್ದ ಸುಮಾರು 600 ಮಂದಿ ಬಹುಕಾಲ ಪತ್ತೆಯಾಗಲಿಲ್ಲ. 2003ರ ನಂತರ ಇರಾಕಿನ ಗೋರಿಗಳಲ್ಲಿ ಅವರಲ್ಲಿ ಹಲವರ ಮೂಳೆಗಳು ಸಿಕ್ಕವು.

ವಿವೇಕ ಎಲ್ಲಿ ಮುಗಿದು ನೆಪ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲು ಮಂತ್ರಿಗಳ ಪ್ರಶ್ನೆಯನ್ನೇ ಕೇಳಬಹುದು. ಸಾಯುವವರಲ್ಲಿ ಎಷ್ಟು ಜನರನ್ನು ಇದು ಉಳಿಸುತ್ತದೆ? 2022ರ ಫೆಬ್ರವರಿ 25ರಂದು ಭದ್ರತಾ ಮಂಡಳಿಯಲ್ಲಿ ರಷ್ಯಾದ ದಾಳಿಯ ವಿರುದ್ಧದ ಮತದಾನದಿಂದ ಭಾರತ ದೂರ ಉಳಿಯಿತು. ಉಕ್ರೇನಿನಲ್ಲಿ ಆಗ ಸಾವಿರಾರು ಭಾರತೀಯ ವಿದ್ಯಾರ್ಥಿಗಳಿದ್ದರು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಸತ್ತ ಸುದ್ದಿ ಬಂದಾಗ ಕರ್ನಾಟಕದ ಎಷ್ಟು ಮನೆಗಳಲ್ಲಿ ಅಂದು ಯಾರೂ ಮಲಗಲಿಲ್ಲವೋ. ಆ ಮೌನಕ್ಕೆ ಮಕ್ಕಳನ್ನು ಕರೆತರುವ ಕಾರಣವಾದರೂ ಇತ್ತು ಎನ್ನೋಣ, ಅವರೆಲ್ಲ ಬಂದ ಮೇಲೂ ಅದೇ ಮೌನ ಮುಂದುವರಿದದ್ದು ಬೇರೆ ಮಾತು. 2023ರ ಅಕ್ಟೋಬರ್ 27ರಂದು ಗಾಝಾದಲ್ಲಿ ಮಾನವೀಯ ಕದನವಿರಾಮ ಬೇಕೆಂಬ ನಿರ್ಣಯ ಮಹಾಸಭೆಗೆ ಬಂದಾಗಲೂ ಭಾರತ ಮತ ಹಾಕಲಿಲ್ಲ. ಡಿಸೆಂಬರ್ 12ರಂದು ಇನ್ನೊಂದು ನಿರ್ಣಯಕ್ಕೆ ಪರವಾಗಿ ಮತ ಹಾಕಿತು. ನಡುವಿನ ಆರೂವರೆ ವಾರಗಳ ವಿವೇಕ ಯಾರನ್ನು ಉಳಿಸಿತು, ಯಾವ ತಾಯಿಯ ಮಗನನ್ನು ಯಾವ ಗುಡಾರದಿಂದ ಕರೆತಂದಿತು? ನಿರ್ಣಯದಲ್ಲಿ ಹಮಾಸ್ ಹೆಸರು ಬರಲಿಲ್ಲ ಎಂದು ವಾದಿಸಿದವರಿದ್ದಾರೆ. ಆ ಕೊರತೆ ನಿಜವೇ. ಅದನ್ನು ಹೇಳಿಯೂ ಪರವಾಗಿ ಮತ ಹಾಕಬಹುದಿತ್ತು. ಹಾಗೆ ಮಾಡಿದ ದೇಶಗಳಿದ್ದವು.

ಇಲ್ಲಿ ಮತ್ತೆ ಕಾರ್ಕಳಕ್ಕೆ ಮರಳಬೇಕು. ಮೂರ್ತಿ ನಿಂತ 125 ವರ್ಷಗಳ ನಂತರ, 1557ರಲ್ಲಿ, ಅದೇ ಭೈರರಸರ ಆಸ್ಥಾನದ ನಂಟಿದ್ದ ಮೂಡುಬಿದಿರೆಯ ರತ್ನಾಕರವರ್ಣಿ 'ಭರತೇಶ ವೈಭವ' ಬರೆದ. ಅವನ ನಾಯಕ ಬಾಹುಬಲಿಯಲ್ಲ, ಭರತ. ಭೋಗದಲ್ಲಿದ್ದೂ ಯೋಗಿಯಾದ ಅರಸ. ತ್ಯಾಗಿಯ ಕಲ್ಲಿನ ನೆರಳಲ್ಲೇ ಆಳುವವನ ಪರವಾಗಿ ಕಾವ್ಯ ಬಂದದ್ದು ನಮಗೆ ಬಹಳ ಮೆಚ್ಚಿಗೆಯ ವಿಷಯ. ರತ್ನಾಕರನಲ್ಲಿ ಕಾಳಗವೇ ನಡೆಯುವುದಿಲ್ಲ. ಭರತನ ಮೃದುವಾದ ಮಾತಿಗೇ ಬಾಹುಬಲಿಯ ಮನಸ್ಸು ಕರಗುತ್ತದೆ. ಅಹಿಂಸೆಯ ದೃಷ್ಟಿಯಿಂದ ಪಂಪನಿಗಿಂತ ಒಂದು ಹೆಜ್ಜೆ ಮುಂದೆ ಎಂದು ಹೊಗಳುವವರಿದ್ದಾರೆ. ಆದರೆ ನಮಗೇಕೋ ಇಲ್ಲಿ ಏನೋ ಸುಲಭವಾಗಿ ಮುಗಿದುಹೋಯಿತು ಅನಿಸುತ್ತದೆ. ಅರಸ ಅಷ್ಟೊಂದು ಒಳ್ಳೆಯವನಾದರೆ ಮಂತ್ರಿಗಳಿಗೆ ಕೆಲಸವೇ ಇಲ್ಲ. ಪಂಪನ ಭರತ ಸೋಲುತ್ತಾನೆ, ಸಿಟ್ಟಾಗುತ್ತಾನೆ, ಒಪ್ಪಂದ ಮುರಿಯುತ್ತಾನೆ, ನಾಚಿಕೊಳ್ಳುತ್ತಾನೆ. ಅಂಥವನ ಕೈಯಲ್ಲಿ ಚಕ್ರ ಇರುವಾಗಲೇ ಜನರನ್ನು ಉಳಿಸುವ ದಾರಿ ಹುಡುಕಬೇಕು. ಪಂಪ ಕೊಳೆಯನ್ನು ಕಾವ್ಯದೊಳಗೆ ಉಳಿಸಿದ, ರತ್ನಾಕರ ತೊಳೆದ.

ಕುವೈಟಿನ ಕಥೆಯನ್ನೂ ಹೀಗೆ ತೊಳೆದವರಿದ್ದಾರೆ. 2016ರಲ್ಲಿ ಬಂದ 'ಏರ್‌ಲಿಫ್ಟ್' ಹಿಂದಿ ಚಿತ್ರವನ್ನು ನಮ್ಮ ಮನೆಯಲ್ಲಿ ಎಲ್ಲರೂ ಕೂತು ನೋಡಿದೆವು. ಒಬ್ಬ ಶ್ರೀಮಂತ ವ್ಯಾಪಾರಿ ಧೈರ್ಯದಿಂದ ಎಲ್ಲರನ್ನೂ ಗಡಿ ದಾಟಿಸುತ್ತಾನೆ, ಕೊನೆಗೆ ಧ್ವಜ ಹಾರುತ್ತದೆ. ನಾಯಕನ ಪಾತ್ರ ಕಲ್ಪಿತ. ವಿದೇಶಾಂಗ ಇಲಾಖೆಯ ಪಾಲನ್ನು ತಗ್ಗಿಸಿ ತೋರಿಸಿದ್ದಾರೆಂದು ಆಗಿನ ರಾಜತಾಂತ್ರಿಕರು ಆಕ್ಷೇಪಿಸಿದರು. ನಮ್ಮ ಆಕ್ಷೇಪ ಬೇರೆ. ಚಿತ್ರದಲ್ಲಿ ಕಣ್ಣೀರು ಇದೆ, ಮುಜುಗರ ಇಲ್ಲ. ಯಾರೋ ಯಾರನ್ನೋ ಅಪ್ಪಿಕೊಳ್ಳಬೇಕಾಯಿತು, ಅದನ್ನು ಇನ್ಯಾರೋ ನೋಡಿ ಮುಖ ತಿರುಗಿಸಿದರು ಎಂಬುದು ಅದರಲ್ಲಿ ಎಲ್ಲಿಯೂ ಇಲ್ಲ.

ಚಿತ್ರ ಮುಗಿದ ಮೇಲೆ ಖಾಲಾನ ಮಗ ಹೊರಗೆ ಜಗಲಿಗೆ ಬಂದು ಕೂತ. ಈಗ ಅವನಿಗೂ ವಯಸ್ಸಾಗಿದೆ, ಊರಿನಲ್ಲೇ ಸಣ್ಣ ಅಂಗಡಿ ಇಟ್ಟಿದ್ದಾನೆ. 1992ರಲ್ಲಿ ಅವನು ಹವಳ್ಳಿಯ ಅದೇ ಅಂಗಡಿಗೆ ಮರಳಿ ಹೋಗಿದ್ದ. ದಾಳಿಯ ದಿನಗಳಲ್ಲಿ ಅವನ ಪಾಸ್‌ಪೋರ್ಟನ್ನೂ ಬಾಕಿ ಸಂಬಳವನ್ನೂ ಕರೆದು ಕೈಗೆ ಕೊಟ್ಟು, ಹೋಗು, ಬದುಕಿಕೋ ಎಂದಿದ್ದ ಕುವೈಟಿ ಮಾಲೀಕನೇ ಆಗಲೂ ಇದ್ದ. ಮಾಲೀಕನ ತಮ್ಮನನ್ನು ಇರಾಕಿಗಳು ಹಿಡಿದುಕೊಂಡು ಹೋಗಿದ್ದರು.

"ನಿಮ್ಮ ಮಂತ್ರಿಯ ಆ ಫೋಟೊ ನೋಡಿದ್ದೀಯಾ ಎಂದು ಕೇಳಿದರು. ಹೋದ ಮೊದಲನೇ ವಾರದಲ್ಲಿ" ಎಂದ.

"ನೀನೇನು ಹೇಳಿದೆ ಭಾಯಿ?"

"ನೋಡಿದ್ದೇನೆ ಅಂದೆ. ಅದರಿಂದಲೇ ನಾನು ಮನೆ ಸೇರಿದ್ದು ಅಂತ ಅವರಿಗೆ ಹೇಗೆ ಹೇಳಲಿ?"

"ಆಮೇಲೆ?"

"ಆಮೇಲೆ ಏನೂ ಇಲ್ಲ. ದಿಶ್‌ದಾಶ ಹೊಲಿಯಲಿಕ್ಕಿತ್ತು, ಅಳತೆ ತೆಗೆದೆ. ಹಳೆಯ ಪುಸ್ತಕದಲ್ಲಿ ಬರೆದಿಟ್ಟಿದ್ದಕ್ಕಿಂತ ಎದೆ ಎರಡು ಇಂಚು ಕಡಿಮೆಯಾಗಿತ್ತು."